ಗಂಡನ ಹೆಸರು ಹೇಳದವಳ ವೀಸಾ

ಥಾಯ್ಲೆಂಡಿನಲ್ಲಿದ್ದೀನಿ ಅಂದರೆ ನಮ್ಮ ಕಡೆಯವರು ಕೇಳುವುದು ಎರಡೇ ಪ್ರಶ್ನೆ. ಅಲ್ಲಿ ಮುದ್ದೆಗೆ ಏನು ಮಾಡ್ತೀಯ, ಮತ್ತೆ ಅಲ್ಲಿನವರು ಹಾವು ತಿಂತಾರಂತಲ್ಲ, ನಿಜವಾ? ಯಳಂದೂರಿನಿಂದ ಹೊತ್ತು ತಂದ ರಾಗಿಹಿಟ್ಟು ಇರುವ ತನಕ ಮುದ್ದೆ ಮಾಡಿದೆ, ಮುಗಿದ ಮೇಲೆ ಅನ್ನಕ್ಕೆ ಒಗ್ಗಿಕೊಂಡೆ. ಹಾವು ತಿನ್ನುವವರನ್ನು ನಾನು ಕಂಡಿಲ್ಲ, ಹುಡುಕಿಕೊಂಡೂ ಹೋಗಿಲ್ಲ. ಯಾರೂ ಕೇಳದ ಸಂಗತಿ ಇನ್ನೊಂದಿದೆ. ಪರದೇಶದಿಂದ ಬಂದು ಅಲ್ಲಿ ಮನೆ ಮಾಡಿಕೊಂಡವರು ಮೂರು ತಿಂಗಳಿಗೊಮ್ಮೆ ಕಚೇರಿಗೆ ಹೋಗಿ ‘ನಾನಿನ್ನೂ ಇದೇ ಮನೆಯಲ್ಲಿದ್ದೀನಿ’ ಅಂತ ರಿಪೋರ್ಟ್ ಕೊಡಬೇಕು. ಅದೂ ಅಲ್ಲದೆ ಅಲ್ಲಿ ಇರುವುದಕ್ಕೆ ವರ್ಷಕ್ಕೊಮ್ಮೆ ಹೊಸದಾಗಿ ಅಪ್ಪಣೆ ತಗೋಬೇಕು. ನನಗೆ ಆ ಅಪ್ಪಣೆ ಕೈತಪ್ಪಿ ಹೋಗುವುದರಲ್ಲಿತ್ತು. ತಪ್ಪು ಕಚೇರಿಯದ್ದಲ್ಲ, ನನ್ನ ನಾಲಿಗೆಯದ್ದು.

ಕೊಳ್ಳೇಗಾಲದ ಸ್ಟುಡಿಯೋ

ನಮ್ಮನೆಯವರು ಕೊಳ್ಳೇಗಾಲದ ಒಂದು ರೇಷ್ಮೆ ಫಿಲೇಚರಿನಲ್ಲಿ, ಅಂದರೆ ಗೂಡು ಬೇಯಿಸಿ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಮೆಷಿನ್ ರಿಪೇರಿ ಮಾಡುವವರು. ಯಳಂದೂರಿನ ಪಕ್ಕದ ನಮ್ಮ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಥಾಯ್ಲೆಂಡಿನ ಈಶಾನ್ಯ ಮೂಲೆಯ ಒಂದು ಊರಿನವರು ಅಂಥದ್ದೇ ಮೆಷಿನ್ ತರಿಸಿಕೊಂಡು, ಅದನ್ನು ಕೂರಿಸಿ ಓಡಿಸಿ ಅಲ್ಲಿಯವರಿಗೆ ಕಲಿಸಿಕೊಡಿ ಅಂತ ಇವರನ್ನು ಎರಡು ವರ್ಷಕ್ಕೆ ಕರೆದರು. ಹೆಂಡತಿಯನ್ನೂ ಕರೆದುಕೊಂಡು ಬರಬಹುದು, ಆದರೆ ಮದುವೆ ಸರ್ಟಿಫಿಕೇಟ್ ಬೇಕು ಅಂದರು.

ಅಲ್ಲಿಂದಲೇ ಶುರುವಾಯಿತು. ನಮ್ಮ ಮದುವೆಯಾಗಿ ಮೂವತ್ತು ವರ್ಷ ದಾಟಿದೆ. ಆಗೆಲ್ಲ ಯಾರು ರಿಜಿಸ್ಟರ್ ಮಾಡಿಸುತ್ತಿದ್ದರು? ನಮ್ಮ ಕಡೆ ಮದುವೆಗೆ ಸಾಕ್ಷಿ ಅಂದರೆ ಅವತ್ತು ಉಂಡು ಹೋದ ಜನ. ಯಳಂದೂರಿನ ಕಚೇರಿಯಲ್ಲಿ ಗಂಡ ಹೆಂಡತಿ ಜೋಡಿಯಾಗಿರುವ ಮದುವೆ ಫೋಟೋ ಕೇಳಿದರು. ನಮ್ಮದು ಒಂದೇ ಒಂದು ಇತ್ತು, ಅದರಲ್ಲಿ ಇವರ ಮುಖವನ್ನು ಗೆದ್ದಲು ತಿಂದಿತ್ತು. ಕೊನೆಗೆ ಕೊಳ್ಳೇಗಾಲದ ಸ್ಟುಡಿಯೋಗೆ ಹೋಗಿ, ಬಸ್ ಸ್ಟ್ಯಾಂಡಿನ ಹತ್ತಿರ ಎರಡು ಹಾರ ಕೊಂಡು, ಈ ವಯಸ್ಸಿನಲ್ಲಿ ಹಾರ ಹಾಕಿಕೊಂಡು ನಿಂತೆವು.

“ಅಕ್ಕಾ, ವಸಿ ನಾಚ್ಕಳಿ. ಮದ್ವೆ ಫೋಟೋ ಅಲ್ವಾ?” ಅಂದ ಸ್ಟುಡಿಯೋದವನು.

“ಈಗ ನಾಚ್ಕಂಡ್ರೆ ಮೊಮ್ಮಗ ನಗ್ತಾನೆ, ತೆಗಿಯಪ್ಪ ಸುಮ್ನೆ” ಅಂದೆ. ನಗು ತಡೆಯಲಾಗದೆ ನಾನು ಬಾಯಿ ಬಿಟ್ಟಿದ್ದು, ಇವರು ಮೀಸೆ ತಿರುವಿದ್ದು, ಎಲ್ಲ ಸೇರಿ ಫೋಟೋ ಬಂತು. ಸರ್ಟಿಫಿಕೇಟೂ ಬಂತು, ಅದರ ಮೇಲೆ ದೊಡ್ಡದಾಗಿ ಆ ವರ್ಷದ್ದೇ ತಾರೀಕು. ಅದು ಮುಂದೆ ನಮ್ಮ ಕುತ್ತಿಗೆಗೆ ಬರುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು.

ಹಿಪ್ಪುನೇರಳೆ ಊರು

ವಿಮಾನ ಇಳಿದು, ಇನ್ನೂ ಅರ್ಧ ದಿನ ಬಸ್ಸಿನಲ್ಲಿ ಕೂತು ಆ ಊರಿಗೆ ಬಂದಾಗ ನನಗೆ ಮೋಸ ಹೋದ ಹಾಗಾಯಿತು. ಇಷ್ಟು ದೂರ ಬಂದು ನೋಡಿದರೆ ಅದೇ ಹಿಪ್ಪುನೇರಳೆ ತೋಟ, ಅದೇ ಕೆಂಪು ಮಣ್ಣು, ಅದೇ ಬೇಯಿಸಿದ ಗೂಡಿನ ವಾಸನೆ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ನಮ್ಮನೆಯವರು “ಬಂದ್ವಿ ಕಣೆ, ಕೊಳ್ಳೇಗಾಲ” ಅಂದರು.

ಕಾರ್ಖಾನೆಯವರು ಕೊಟ್ಟ ಮನೆ ಸಣ್ಣದು. ಪಕ್ಕದ ಮನೆಯಲ್ಲಿ ಪಾ ನೊಯ್ ಅಂತ ಒಬ್ಬ ಹೆಂಗಸು. ‘ಪಾ’ ಅಂದರೆ ದೊಡ್ಡಮ್ಮ. ನನಗಿಂತ ಹತ್ತು ವರ್ಷ ದೊಡ್ಡವಳು, ಗಂಡ ಸತ್ತು ಬಹಳ ಕಾಲವಾಗಿದೆ, ಮನೆಯಲ್ಲೇ ಮಗ್ಗ ಇಟ್ಟುಕೊಂಡಿದ್ದಾಳೆ. ಬಂದ ಮಾರನೆಯ ಬೆಳಿಗ್ಗೆಯೇ ಬಾಳೆಲೆ ಮುಚ್ಚಿದ ತಟ್ಟೆ ತಂದು ಕೈಗಿಟ್ಟಳು. ಎಲೆ ಸರಿಸಿದರೆ, ನೂಲು ತೆಗೆದ ಮೇಲೆ ಗೂಡಿನೊಳಗೆ ಉಳಿಯುತ್ತದಲ್ಲ, ಆ ಹುಳ! ಗರಿಗರಿಯಾಗಿ ಹುರಿದು ಉಪ್ಪು ಉದುರಿಸಿದ್ದಳು. ಕೊಳ್ಳೇಗಾಲದಲ್ಲಿ ಅದು ಕೋಳಿಗೆ, ಮೀನಿಗೆ ಹೋಗುತ್ತೆ. ನಾನು ವಿಭೂತಿ ಇಟ್ಟುಕೊಂಡು ಆಗಷ್ಟೇ ಪೂಜೆ ಮುಗಿಸಿ ಎದ್ದವಳು. ಏನು ಹೇಳಬೇಕೋ ತಿಳಿಯದೆ, ಗೊತ್ತಿಲ್ಲದ ಭಾಷೆ ಎದುರಾದಾಗ ನನ್ನ ಬಾಯಿಗೆ ಬರುವ ತಮಿಳಿನಲ್ಲಿ “ವೇಂಡಾಂ, ವೇಂಡಾಂ” ಅಂದೆ, ಬೇಡ ಅಂತ. ನನ್ನ ತವರು ಹನೂರು ತಾಲ್ಲೂಕಿನ ರಾಮಾಪುರ. ಅಲ್ಲಿಗೆ ಮಾರ್ಟಳ್ಳಿಯಿಂದ ಬರುವ ತಮಿಳರ ಜೊತೆ ಸೇರಿ ನಾಲ್ಕು ಮಾತು ತಮಿಳು ಕಲಿತಿದ್ದೆ. ಪಾ ನೊಯ್‌ಗೆ ತಮಿಳು ಎಲ್ಲಿಂದ ಬರಬೇಕು? ಆದರೆ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡಳು. ಮಾರನೆಯ ದಿನ ಪರಂಗಿ ಹಣ್ಣು ತಂದಳು.

ಅಲ್ಲಿಯವರ ಒಂದು ಅಭ್ಯಾಸ ಮಾತ್ರ ನನಗೆ ಮೊದಮೊದಲು ಸಿಟ್ಟು ತರಿಸುತ್ತಿತ್ತು. ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಕಂಡವರೆಲ್ಲ ‘ಎಲ್ಲಿಗೆ ಹೊರಟೆ?’ ಅಂತ ಕೇಳುತ್ತಾರೆ. ನಮ್ಮಲ್ಲಿ ಹೊರಟವರನ್ನು ಎಲ್ಲಿಗೆ ಅಂತ ಕೇಳಿದರೆ ಹೋದ ಕೆಲಸ ಕೆಡುತ್ತೆ ಅಂತ ವಾಪಸ್ ಬಂದು ನೀರು ಕುಡಿದು ಹೋಗುತ್ತೀವಿ. ನಾನು ಮೊದಲನೆಯ ವಾರ ಅಂಗಡಿಗೆ ಹೋಗಲು ಮೂರು ಸಲ ವಾಪಸ್ ಬಂದು ಮೂರು ಸಲ ನೀರು ಕುಡಿದೆ. ಆಮೇಲೆ ತಿಳಿಯಿತು, ಅಲ್ಲಿ ಅದು ನಮಸ್ಕಾರ ಅಂದ ಹಾಗಂತೆ. ಉತ್ತರವನ್ನೂ ಯಾರೂ ಕಾಯುವುದಿಲ್ಲ.

ಒಂದು ಮಾತು ಇಲ್ಲಿ ಹೇಳಿಬಿಡಬೇಕು. ನಮ್ಮದು ದೊಡ್ಡ ಸಂಸಾರ. ಅತ್ತೆ, ಮೈದುನರು, ಓರಗಿತ್ತಿಯರು, ಅವರ ಮಕ್ಕಳು, ಬಂದು ಹೋಗುವವರು, ಎಲ್ಲರೂ ಒಂದೇ ಒಲೆಯಲ್ಲಿ ಬೇಯಿಸಿದ್ದು ಉಣ್ಣುವವರು. ಊರಲ್ಲಿ ಇವರು ನನ್ನ ಜೊತೆ ಮಾತಾಡಬೇಕಾದರೆ ಅಡುಗೆಮನೆ ಬಾಗಿಲಲ್ಲಿ ಕೆಮ್ಮಬೇಕಿತ್ತು. ಇಲ್ಲಿ ಕೆಲಸದಿಂದ ಬಂದು ಕಾಲು ತೊಳೆದು ಜಗಲಿ ಮೇಲೆ ಕೂರುತ್ತಾರೆ, ನಾನು ಕಾಫಿ ತರುತ್ತೀನಿ, ಇಬ್ಬರೂ ಒಟ್ಟಿಗೆ ಕುಡೀತೀವಿ. ಮೆಷಿನ್ನಿನ ಕಥೆ ಹೇಳುತ್ತಾರೆ. ನಾನು ಪಾ ನೊಯ್ ಕಥೆ ಹೇಳುತ್ತೀನಿ. ಅವರಿಗೆ ಇಷ್ಟು ತಮಾಷೆ ಮಾಡಲು ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ್ದೆ, ಗಂಡನ ಜೊತೆ ಇದ್ದದ್ದು ಅದೇ ಮೊದಲು. ನಾನು ತುಂಬ ಖುಷಿಯಾಗಿದ್ದೆ, ಇನ್ನೊಂದು ವರ್ಷ ಹೀಗೇ ಇದ್ದುಬಿಡಬೇಕು ಅಂತ ಆಸೆಯಾಗಿತ್ತು.

ಮೊದಲನೆಯ ರಿಪೋರ್ಟು

ಮೂರು ತಿಂಗಳಾಯಿತು, ಇಮಿಗ್ರೇಶನ್ ಕಚೇರಿಗೆ ಹೋಗಬೇಕು ಅಂದರು. ಸರ್ಕಾರಿ ಕಚೇರಿ ಅಲ್ಲವಾ ಅಂತ ನಾನು ಜರಿ ಅಂಚಿನ ರೇಷ್ಮೆ ಸೀರೆ ಉಟ್ಟೆ. ದೊಡ್ಡವರ ಹತ್ತಿರ ಬರಿಗೈಯಲ್ಲಿ ಹೋಗಬಾರದು, ಒಂದು ನಿಂಬೆಹಣ್ಣೂ ಹಿಡಿದುಕೊಂಡೆ. ಆ ಊರಲ್ಲಿ ಯಾರ ಮನೆಗೆ ಹೋದರೂ ಚಪ್ಪಲಿ ಹೊರಗೆ ಬಿಡಬೇಕು, ಹಾಗಾಗಿ ಕಚೇರಿಯ ಗಾಜಿನ ಬಾಗಿಲ ಮುಂದೆಯೂ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದೆ. ನನ್ನ ನೋಡಿ ನಮ್ಮನೆಯವರೂ ಬೂಟು ಬಿಚ್ಚಿದರು. ಒಳಗೆ ನೋಡಿದರೆ ಎಲ್ಲರ ಕಾಲಲ್ಲೂ ಬೂಟಿತ್ತು.

ಕೌಂಟರಿನಲ್ಲಿದ್ದ ವಯಸ್ಸಾದ ಗುಮಾಸ್ತರಿಗೆ ನಿಂಬೆಹಣ್ಣು ಕೊಟ್ಟೆ. ಅವರು ಅತ್ತಿತ್ತ ನೋಡಿದರು, ಹಣ್ಣು ತಿರುಗಿಸಿ ನೋಡಿದರು, ಪಕ್ಕದವರನ್ನು ಏನೋ ಕೇಳಿದರು. ಕೊನೆಗೆ ಮೇಜಿನ ಕೆಳಗಿಟ್ಟಿದ್ದ ತಮ್ಮ ನೂಡಲ್ಸ್ ಬಟ್ಟಲು ಎತ್ತಿ, ಹಣ್ಣು ಕುಯ್ದು ಹಿಂಡಿಕೊಂಡು, ಹೆಬ್ಬೆರಳು ತೋರಿಸಿ ನಕ್ಕರು. ಪಾಸ್‌ಪೋರ್ಟಿಗೆ ಒಂದು ಚೀಟಿ ಸೇರಿಸಿ ಕೊಟ್ಟರು. ಇಷ್ಟೇನಾ ಅಂತ ಹೊರಗೆ ಬಂದೆವು. ಚಪ್ಪಲಿ ಇಟ್ಟಲ್ಲೇ ಇತ್ತು, ಯಾರೋ ಪುಣ್ಯಾತ್ಮರು ಜೋಡಿಸಿಯೂ ಇಟ್ಟಿದ್ದರು.

ಅವತ್ತು ನನಗೆ ನಮ್ಮ ಹನೂರಿನ ಕಡೆ ಒಡೆಯರಪಾಳ್ಯದ ಕ್ಯಾಂಪಿನಲ್ಲಿರುವ ಟಿಬೆಟಿನವರ ನೆನಪಾಯಿತು. ರಾಮಾಪುರದಲ್ಲಿ ನನ್ನ ತಮ್ಮ ಸಿದ್ದಪ್ಪನದು ದಿನಸಿ ಅಂಗಡಿ. ಅಲ್ಲಿಗೆ ಬರುತ್ತಿದ್ದ ಒಬ್ಬ ಟಿಬೆಟಿನ ಹೆಂಗಸು, ನಮಗಿಂತ ಚೆನ್ನಾಗಿ ನಮ್ಮ ಭಾಷೆ ಆಡುವವಳು, ಇಲ್ಲಿ ಇರುವುದಕ್ಕೆ ಕೊಟ್ಟ ಕಾರ್ಡಿನ ರಿನೀವಲ್ಲಿಗೆ ಹೋಗಬೇಕು ಅಂತ ಆಗಾಗ ಹೇಳುತ್ತಿದ್ದಳು. ‘ನೀವು ಇಲ್ಲೇ ಹುಟ್ಟಿದವರಲ್ವಾ, ಯಾತರ ಕಾರ್ಡು’ ಅಂತ ನಾವು ತಲೆ ಕೆಡಿಸಿಕೊಂಡಿರಲಿಲ್ಲ. ‘ಇಲ್ಲೇ ಉಟ್ದೆ ಕಣವ್ವ, ಆದ್ರೂ ಇಲ್ಲೇ ಇವ್ನಿ ಅಂತ ಏಳ್ಬೇಕು’ ಅಂತ ನಗುತ್ತಿದ್ದಳು. ಆಗ ಒಂದು ಲೋಟ ಕಾಫಿ ಕೊಟ್ಟು ಕೂರಿಸಿ ಕೇಳಬೇಕಿತ್ತು ಅನ್ನಿಸಿತು.

ಕನ್ನಡಕದ ಆಫೀಸರಮ್ಮ

ವರ್ಷ ತುಂಬುವ ಹೊತ್ತಿಗೆ ದೊಡ್ಡ ಅಪ್ಪಣೆಗೆ ಅರ್ಜಿ ಹಾಕಿದೆವು. ಕಾರ್ಖಾನೆಯ ಕಚೇರಿಯಲ್ಲಿ ಕೆಲಸ ಮಾಡುವ ಮಾಲಿ ಅನ್ನುವ ಹುಡುಗಿ ನಮ್ಮ ಜೊತೆ ಬಂದಳು. ಅವಳಿಗೆ ಇಂಗ್ಲಿಷ್ ಬರುತ್ತೆ, ನನಗೆ ಕೊಳ್ಳೇಗಾಲದಲ್ಲಿ ಪಿಯುಸಿ ಓದಿದಷ್ಟು ಬರುತ್ತೆ, ಎರಡೂ ಸೇರಿ ಹೇಗೋ ಗಾಡಿ ಓಡುತ್ತಿತ್ತು.

ಈ ಸಲ ಕೂತಿದ್ದವರು ಕನ್ನಡಕ ಹಾಕಿದ ಒಬ್ಬ ಆಫೀಸರಮ್ಮ. ನಮ್ಮನೆಯವರ ಕಾಗದವೆಲ್ಲ ಸರಿಯಿತ್ತು, ಸೀಲು ಬಿತ್ತು. ನನ್ನ ಕಾಗದಕ್ಕೆ ಬಂದಾಗ ಅವರ ಕೈ ನಿಂತಿತು. ಮದುವೆ ಸರ್ಟಿಫಿಕೇಟಿನ ಮೇಲೆ ಹೊಸ ತಾರೀಕು. ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿಸಿದ್ದೂ ಅದೇ ವರ್ಷ. ಫೋಟೋದಲ್ಲಿ ನರೆತ ತಲೆಯ ಎರಡು ಜೀವ ಹಾರ ಹಾಕಿಕೊಂಡು ಹಲ್ಲು ಬಿಡುತ್ತಿವೆ. ಬರೀ ವೀಸಾ ಆಸೆಗೆ ಮದುವೆ ಕಾಗದ ಮಾಡಿಸಿಕೊಂಡು ಬರುವವರು ಇರುತ್ತಾರಂತೆ. ಆಫೀಸರಮ್ಮ ಇವರನ್ನು ಹೊರಗೆ ಕೂರಲು ಹೇಳಿದರು. ನನ್ನ ಪಾಸ್‌ಪೋರ್ಟ್ ಮುಚ್ಚಿ ತಮ್ಮ ಕಡೆಗೆ ಎಳೆದುಕೊಂಡು ಕೇಳಿದರು.

ಮಾಲಿ ಹೇಳಿದಳು: “ಗಂಡನ ಹೆಸರು ಏನು ಅಂತ ಕೇಳ್ತಿದಾರೆ, ಆಂಟಿ.”

ನಮ್ಮ ಕಡೆ ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತೆ ಅನ್ನುತ್ತಾರೆ. ನಾನು ಅದನ್ನೆಲ್ಲ ನಂಬುವವಳಲ್ಲ, ನನ್ನ ಮಗಳು ಅವಳ ಗಂಡನನ್ನು ಹೆಸರು ಹಿಡಿದೇ ಕೂಗುತ್ತಾಳೆ, ನನಗದು ಚೆಂದವಾಗೇ ಕೇಳಿಸುತ್ತೆ. ಆದರೆ ನನ್ನ ಬಾಯಿಗೆ ಮಾತ್ರ ಆ ಹೆಸರು ಬಂದಿದ್ದೇ ಇಲ್ಲ. ರೇಷನ್ ಅಂಗಡಿಯಲ್ಲಿ ಕಾರ್ಡು ತೋರಿಸುತ್ತಿದ್ದೆ, ಆಸ್ಪತ್ರೆಯಲ್ಲಿ ಪಕ್ಕದವರ ಕೈಲಿ ಹೇಳಿಸುತ್ತಿದ್ದೆ. ಅದೇ ಹೆಸರಿನ ಇನ್ನೊಬ್ಬರು ಊರಲ್ಲಿದ್ದಾರೆ, ಅವರನ್ನೂ ‘ಆ ಮೇಗಲ ಮನೆಯವರು’ ಅಂತಲೇ ಕರೆಯುತ್ತಿದ್ದೆ.

ನಾನು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕೆ. ಬಾಗಿಲಾಚೆ ಕೂತಿದ್ದ ಇವರ ಕಡೆ ಕೈ ತೋರಿಸಿದೆ. ಪಾಸ್‌ಪೋರ್ಟ್ ತೋರಿಸಿದೆ. ಆಫೀಸರಮ್ಮ ತಲೆಯಾಡಿಸಿದರು. ನೋಡಿ ಹೇಳುವ ಹಾಗಿಲ್ಲ, ಬರೆದು ತೋರಿಸುವ ಹಾಗೂ ಇಲ್ಲ, ಬಾಯಲ್ಲಿ ಹೇಳಬೇಕು.

“ನಮ್ಮಲ್ಲಿ ಹೇಳಲ್ಲ” ಅಂದೆ. ಮಾಲಿ ಅದನ್ನು ಅವರಿಗೆ ಹೇಗೆ ಹೇಳಿದಳೋ, ಆಫೀಸರಮ್ಮನ ಹುಬ್ಬು ಮೇಲೆ ಹೋಯಿತು. ಮದುವೆಯಾಗಿ ಎಷ್ಟು ವರ್ಷ? ಮೂವತ್ತರ ಮೇಲೆ. ಕಾಗದದಲ್ಲಿ ಹಾಗಿಲ್ಲವಲ್ಲ. ಮಕ್ಕಳು? ಮಗಳಿದ್ದಾಳೆ, ಮೊಮ್ಮಗನಿದ್ದಾನೆ. ಫೋಟೋ ತೋರಿಸಿದೆ. ಆ ಮಗಳು ಇವರ ಮೊದಲನೆಯ ಹೆಂಡತಿಯ ಮಗಳಿರಬಹುದಲ್ಲ ಅಂತ ಆಫೀಸರಮ್ಮ ಕೇಳಿದರು.

ಮೊದಲನೆಯ ಹೆಂಡತಿ! ನನಗೆ ಎಲ್ಲಿತ್ತೋ ಸಿಟ್ಟು, ಎದ್ದು ನಿಂತು ಬೈದೆ. ಬಂದಿದ್ದು ಮತ್ತೆ ತಮಿಳು. ಪಕ್ಕದ ಸಾಲಿನಲ್ಲಿದ್ದ ಯಾರೋ ತಮಿಳರು ತಿರುಗಿ ನೋಡಿ ತಲೆ ತಗ್ಗಿಸಿದರು. ಆಫೀಸರಮ್ಮ ಸಿಟ್ಟಾಗಲಿಲ್ಲ. ಸಮಾಧಾನವಾಗಿ ಏನೋ ಬರೆದುಕೊಂಡು, ‘ನಾವು ಮನೆಗೆ ಬಂದು ವಿಚಾರಿಸುತ್ತೀವಿ, ಆಮೇಲೆ ಸೋಮವಾರ ಇಬ್ಬರೂ ಬನ್ನಿ’ ಅಂದರು. ಅಪ್ಪಣೆ ಸಿಗದಿದ್ದರೆ ವಾರದೊಳಗೆ ನಾನು ಗಂಟುಮೂಟೆ ಕಟ್ಟಬೇಕು ಅಂತ ಮಾಲಿ ದಾರಿಯಲ್ಲಿ ಮೆಲ್ಲಗೆ ಹೇಳಿದಳು.

ಪಾ ನೊಯ್ ಸಾಕ್ಷಿ

ಎರಡು ದಿನ ಬಿಟ್ಟು ಮಧ್ಯಾಹ್ನ ಇಬ್ಬರು ಆಫೀಸರು ಮಾಲಿಯನ್ನೂ ಕರೆದುಕೊಂಡು ಮನೆಗೆ ಬಂದರು. ಇವರು ಕೆಲಸಕ್ಕೆ ಹೋಗಿದ್ದರು. ಬಂದವರು ಒಲೆ ನೋಡಿದರು, ಹಗ್ಗದ ಮೇಲೆ ಒಣಗುತ್ತಿದ್ದ ಪಂಚೆ ಸೀರೆ ನೋಡಿದರು, ಕೊನೆಗೆ ನೆರೆಯವರ ಸಾಕ್ಷಿ ಬೇಕು ಅಂತ ಪಾ ನೊಯ್‌ಳನ್ನು ಕರೆದರು. ಪಾ ನೊಯ್ ಮಗ್ಗ ಬಿಟ್ಟು, ತಲೆ ಬಾಚಿ, ಪೌಡರ್ ಹಾಕಿಕೊಂಡು ಬಂದಳು. ಆಮೇಲೆ ನಡೆದದ್ದನ್ನು ಮಾಲಿ ನನಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು.

“ಈ ಮನೆ ಗಂಡಸಿನ ಹೆಸರೇನು?”

“ಲುಂಗ್ ನುವಟ್” ಅಂದಳಂತೆ ಪಾ ನೊಯ್. ಅಂದರೆ ಮೀಸೆ ಮಾಮ. ಆ ಊರಲ್ಲಿ ಎಲ್ಲರಿಗೂ ಕರೆಯುವ ಹೆಸರು ಒಂದು, ಕಾಗದದ ಹೆಸರು ಇನ್ನೊಂದು, ಕಾಗದದ ಹೆಸರು ಅಕ್ಕಪಕ್ಕದವರಿಗೂ ಗೊತ್ತಿರುವುದಿಲ್ಲ.

“ಅದು ನೀವಿಟ್ಟ ಹೆಸರು. ಹೆಂಡತಿ ಏನಂತ ಕರೆಯುತ್ತಾಳೆ?”

ಪಾ ನೊಯ್ ಯೋಚನೆ ಮಾಡಿ, “ಏನ್ರಿ” ಅಂದಳು. ಅವಳ ಬಾಯಲ್ಲಿ ಆ ಮಾತು ಕೇಳಿ ನನಗೆ ನಗು ಒತ್ತರಿಸಿ ಬಂತು. ಆಫೀಸರು ಅದನ್ನೂ ಬರೆದುಕೊಂಡರು. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಊರವರ ಬಾಯಲ್ಲಿ ಒಂದು, ಹೆಂಡತಿ ಬಾಯಲ್ಲಿ ಇನ್ನೊಂದು. ನಮ್ಮ ಫೈಲು ಇನ್ನಷ್ಟು ಗೋಜಲಾಯಿತು.

ಆದರೂ ಪಾ ನೊಯ್ ಸುಮ್ಮನೆ ಬಿಡಲಿಲ್ಲ. ಇವರಿಬ್ಬರೂ ಗಂಡ ಹೆಂಡತಿಯೇ, ನನಗೆ ಅನುಮಾನವಿಲ್ಲ, ದಿನಾ ಬೆಳಿಗ್ಗೆ ಜಗಳ ಆಡುತ್ತಾರೆ, ಸಾಯಂಕಾಲ ಒಟ್ಟಿಗೆ ಕೂತು ಏನೋ ಕುಡಿಯುತ್ತಾ ನಗುತ್ತಾರೆ, ನನ್ನ ಗಂಡ ಇದ್ದಾಗ ನಾನೂ ಹಾಗೇ ಇದ್ದೆ ಅಂದಳಂತೆ. ಮಾಲಿ ಇದನ್ನು ಹೇಳುವಾಗ ನಾನು ಪಾ ನೊಯ್ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಂಡು, ಮಗ್ಗದ ಕೆಲಸ ನಿಂತಿದೆ ಅಂತ ಹೊರಟುಹೋದಳು.

ಊರಿಗೆ ಫೋನು

ಮೊದಲು ತಮ್ಮ ಸಿದ್ದಪ್ಪನಿಗೆ ಫೋನ್ ಮಾಡಿದೆ. ವಿಷಯ ಕೇಳಿ ಅವನು ಅಂಗಡಿಯಲ್ಲೇ ಗಹಗಹಿಸಿದ. “ಅಕ್ಕಾ, ಅದೇನ್ ದೊಡ್ಡ ಇಸ್ಯ? ನಾನೇ ಏಳ್ತೀನಿ, ಫೋನ್‌ನ ಆ ಯಮ್ಮನ್ ಕಿವಿಗೆ ಇಡು.”

“ನೀನ್ ಏಳುದ್ರೆ ನಿಂಗೆ ವೀಸಾ ಕೊಡ್ತಾರೆ ಕಣ್ಲಾ” ಅಂತ ಬೈದು ಇಟ್ಟೆ.

ಆಮೇಲೆ ಧೈರ್ಯ ಮಾಡಿ ಅತ್ತೆಗೆ ಮಾಡಿದೆ. ನಮ್ಮ ಅತ್ತೆ ಬಹಳ ಕಟ್ಟುನಿಟ್ಟು. ಮಾವನವರು ತೀರಿಕೊಂಡ ಮೇಲೂ ಅವರ ಹೆಸರು ಎತ್ತಿದವರಲ್ಲ. ಮೈದುನನ ಮಗಳು ಫೋನ್ ಹಿಡಿದುಕೊಂಡಿದ್ದಳು, ಪರದೆಯಲ್ಲಿ ಅತ್ತೆಯ ಅರ್ಧ ಹಣೆ, ಒಂದು ಕಿವಿ ಕಾಣುತ್ತಿತ್ತು. ಎಲ್ಲ ಹೇಳಿದೆ.

“ಏಳ್ಬುಡವ್ವ” ಅಂದರು ಅತ್ತೆ.

“ಅತ್ತೆ, ಆಯಸ್ಸು ಕಮ್ಮಿ ಆಯ್ತದೆ ಅಂತಿದ್ರಲ್ಲ ನೀವೇಯ?”

“ಅದು ಇಲ್ಲಿ ಕಣವ್ವ. ಸಮುದ್ರದ್ ಆಚ್ಗಡೆ ಏಳುದ್ರೆ ಯಮನ್ಗೆ ಎಲ್ ಕೇಳ್ಸದು? ಏಳ್ಬುಟ್ಟು ನನ್ ಮಗನ್ಗೆ ಒತ್ತೊತ್ಗೆ ಇಟ್ಟು ಆಕು. ನೀ ಬಂದ್ಬುಟ್ರೆ ಅವ್ನು ಅಲ್ಲಿ ಹುಳ ತಿಂದ್ಕಂಡು ಇರ್ಬೇಕಾಯ್ತದೆ.”

ಅತ್ತೆ ಅಪ್ಪಣೆ ಸಿಕ್ಕಿತು. ಇನ್ನು ಉಳಿದಿದ್ದು ನಾಲಿಗೆ. ಇವರು ಕೆಲಸಕ್ಕೆ ಹೋದ ಮೇಲೆ ಹಿತ್ತಲ ಪರಂಗಿ ಗಿಡದ ಮುಂದೆ ನಿಂತು ಅಭ್ಯಾಸ ಮಾಡಿದೆ. ಮೊದಲನೆಯ ಅಕ್ಷರ ಬರುತ್ತಿತ್ತು. ಆಮೇಲೆ ಬರೀ ಕೆಮ್ಮು ಬರುತ್ತಿತ್ತು. ಮೂವತ್ತು ವರ್ಷ ನುಂಗಿಕೊಂಡಿದ್ದನ್ನು ಒಂದೇ ದಿನದಲ್ಲಿ ಹೊರಗೆ ಹಾಕು ಅಂದರೆ ಆಗುತ್ತಾ? ಬೇಲಿ ಆಚೆಯಿಂದ ನೋಡುತ್ತಿದ್ದ ಪಾ ನೊಯ್ ನನಗೆ ನೆಗಡಿ ಅಂತ ತಿಳಿದು ಶುಂಠಿ ಕಷಾಯ ತಂದುಕೊಟ್ಟಳು. ಕುಡಿದೆ. ಕಷಾಯ ಚೆನ್ನಾಗಿತ್ತು, ಹೆಸರು ಮಾತ್ರ ಬರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇವರನ್ನು ಕೇಳಿದೆ, “ಏನ್ರಿ, ನಾನು ಊರ್ಗೆ ಓದ್ರೆ ನಿಮ್ಗೆ ಕಷ್ಟ ಆಯ್ತದಾ?”

“ನಂಗೇನ್ ಕಷ್ಟ, ಕ್ಯಾಂಟೀನ್ ಅದೆ” ಅಂದರು. ನನಗೆ ಬೇಜಾರಾಯಿತು. ತಟ್ಟೆ ಎತ್ತಿಕೊಂಡು ಎದ್ದುಹೋದೆ.

ಸೋಮವಾರ

ಕಚೇರಿಯಲ್ಲಿ ಈ ಸಲ ಇಬ್ಬರನ್ನೂ ಒಟ್ಟಿಗೆ ಕೂರಿಸಿದರು. ಇವರು ಆಚೆ ಇದ್ದರೆ ಹೇಗೋ ಹೇಳಿಯೇನು ಅಂತಿದ್ದೆ, ಆ ದಾರಿಯೂ ಮುಚ್ಚಿತು. ಆಫೀಸರಮ್ಮ ಕನ್ನಡಕ ಒರೆಸಿಕೊಂಡು ಮಾಲಿಯ ಮೂಲಕ ಹೇಳಿದರು: ನೆರೆಯವರ ಮಾತು ನಂಬಿದ್ದೀನಿ, ಆದರೆ ಫೈಲಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲ ಅಂತ ಬರೆದಾಗಿದೆ. ಉತ್ತರ ಇಲ್ಲದೆ ಸೀಲು ಹಾಕುವ ಹಾಗಿಲ್ಲ. ಇವತ್ತು ಹೇಳಿ. ಗಂಡನ ಹೆಸರೇನು?

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಇನ್ನೊಂದು ಸಲ ತೆರೆದೆ. ಬೆವರು ಕಿತ್ತುಕೊಂಡು ಬಂತು. ಗೋಡೆ ಗಡಿಯಾರ, ಮೇಜಿನ ಮೇಲಿನ ಸೀಲು, ಮಾಲಿಯ ಮುಖ, ಎಲ್ಲ ನೋಡಿದೆ. ಸೀಲು ಅಲ್ಲೇ ಒಂದು ಗೇಣು ದೂರದಲ್ಲಿತ್ತು. ಕಣ್ಣಲ್ಲಿ ನೀರು ತುಂಬಿತು. ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡದನ್ನು ಕಳೆದುಕೊಳ್ಳುತ್ತಿದ್ದೀನಲ್ಲ ಅಂತ ನನ್ನ ಮೇಲೇ ನನಗೆ ರೇಗಿಹೋಯಿತು.

ಆಗ ಪಕ್ಕದಲ್ಲಿ ಇವರು ಮೆಲ್ಲಗೆ ಅಂದರು: “ಬುಡು.”

ತಿರುಗಿ ನೋಡಿದೆ. ಇವರು ನಗುತ್ತಿದ್ದಾರೆ ಅಂದುಕೊಂಡಿದ್ದೆ. ನಗುತ್ತಿರಲಿಲ್ಲ.

“ನಿನ್ ಕೈಲಿ ಆಗ್ದಿದ್ರೆ ಬುಡು. ಅಳ್ಬ್ಯಾಡ. ಇಬ್ರೂವೆ ಊರ್ಗೆ ಓಗಣ. ಕೆಲ್ಸ ಇನ್ಯಾರಾರ ಮಾಡ್ಕತರೆ. ನೀನಿಲ್ದೆ ನಂಗ್ ಇಲ್ಲಿ ಏನದೆ?”

ಈ ಮಾತನ್ನು ಇವರು ನನಗೆ ಯಾವತ್ತೂ ಹೇಳಿದವರಲ್ಲ. ಕ್ಯಾಂಟೀನ್ ಅದೆ ಅಂದಿದ್ದ ಮನುಷ್ಯ. ನನಗೆ ಏನಾಯಿತೋ, ಎದ್ದು ನಿಂತೆ. ಆಫೀಸರಮ್ಮನ ಮುಖ ನೋಡಿಕೊಂಡು, ಇವರ ಹೆಸರು, ಇವರಪ್ಪನ ಹೆಸರು, ಊರು, ಯಳಂದೂರು ತಾಲ್ಲೂಕು ಅಂತ ತಾಲ್ಲೂಕಿನ ಸಮೇತ, ಒಂದೇ ಉಸಿರಿಗೆ, ನಮ್ಮೂರ ಬಸ್ ಕಂಡಕ್ಟರು ಊರು ಕೂಗುವಷ್ಟು ಜೋರಾಗಿ ಹೇಳಿಬಿಟ್ಟೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೂಡಲ್ಸಿನ ಗುಮಾಸ್ತರು ಕೋಣೆಯಿಂದ ಹೊರಗೆ ಬಂದರು.

ನಮ್ಮನೆಯವರು ಥಟ್ಟನೆ ಎದ್ದು, ಮೇಷ್ಟ್ರು ಹಾಜರಿ ಕೂಗಿದಾಗ ಹುಡುಗರು ನಿಲ್ಲುವ ಹಾಗೆ ಅಟೆನ್ಷನ್ನಿನಲ್ಲಿ ನಿಂತು “ಸಾ!” ಅಂದರು.

ಆಫೀಸರಮ್ಮ ಮೊದಲು ಇವರನ್ನು ನೋಡಿದರು, ಆಮೇಲೆ ನನ್ನನ್ನು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಗಲು ಶುರು ಮಾಡಿದರು, ನಗುತ್ತಲೇ ಸೀಲು ಎತ್ತಿ ಒತ್ತಿದರು. ಮಾಲಿ ಚಪ್ಪಾಳೆ ತಟ್ಟಿದಳು. ಗುಮಾಸ್ತರು ನಮಗೆ ತಮ್ಮ ಬಾಟಲಿಯಿಂದ ನೀರು ಕೊಟ್ಟರು.

ಆ ಹೆಸರೇನು ಅಂತ ನೀವು ಕೇಳಬಹುದು. ಹೇಳುವುದಿಲ್ಲ. ನಿಮ್ಮ ಕೈಲಿ ನನಗೆ ಯಾವ ಸೀಲೂ ಆಗಬೇಕಾಗಿಲ್ಲ.

ಹೊರಗೆ ಬಂದು ಮರದ ನೆರಳಲ್ಲಿ ಗಾಡಿಗೆ ಕಾಯುತ್ತಾ ನಿಂತೆವು. ಮಾಲಿ ಕಾಗದದ ನಕಲು ಮಾಡಿಸಲು ಎದುರುಗಡೆ ಅಂಗಡಿಗೆ ಹೋದಳು. ನಾನು ಮುಖವೆತ್ತಿ ಇವರನ್ನು ನೋಡಲಾರದೆ ಸೀರೆ ಅಂಚು ಸರಿ ಮಾಡಿಕೊಳ್ಳುತ್ತಾ ನಿಂತಿದ್ದೆ.

“ಮದ್ವೆ ದಿನ ನಮ್ಮಕ್ಕ ಒಸ್ಲಲ್ಲಿ ಅಡ್ಡ ನಿಂತ್ಕಂಡಿದ್ಲು, ಗ್ಯಾನ ಅದಾ?” ಅಂದರು ಇವರು. “ಗಂಡನ್ ಎಸ್ರು ಏಳು, ಒಳಿಕ್ ಬುಡ್ತೀನಿ ಅಂತ.”

ನೆನಪಿಲ್ಲದೆ ಏನು. ನಮ್ಮಲ್ಲಿ ಹೆಣ್ಣು ಗಂಡನ ಹೆಸರು ಹೇಳಬಹುದಾದ ದಿನ ಅದೊಂದೇ. ನಾನು ನಾಚಿಕೆಯಿಂದ ಉಸಿರೇ ಬಿಡಲಿಲ್ಲ, ಕೊನೆಗೆ ನಮ್ಮ ಸೋದರತ್ತೆ ನನ್ನ ಪರವಾಗಿ ಹೇಳಿ ಒಳಗೆ ಕರೆದುಕೊಂಡು ಹೋಗಿದ್ದಳು.

“ನಾನು ಅವತ್ತು ಕಾಯ್ಕಂಡ್ ನಿಂತಿದ್ದೆ” ಅಂದರು ಇವರು. “ನನ್ ಎಸ್ರು ಇಂಗೆ ಇರ್ತದೆ ಅಂತ ಗೊತ್ತಿರ್ನಿಲ್ಲ, ನಿನ್ ಬಾಯಲ್ಲಿ. ಇನ್ನೊಂದ್ಸಲ ಏಳು.”

“ಈಗ್ಲಾ? ಇಲ್ಲಿ? ರೋಡಲ್ಲಿ?”

“ಯಾರ್ಗೆ ಅರ್ತ ಆಯ್ತದೆ? ಏಳು.”

“ಸುಮ್ಕಿರಿ. ಮೂರ್ ತಿಂಗ್ಳಿಗೆ ರಿಪೋರ್ಟ್‌ಗೆ ಬರ್ಬೇಕಲ್ಲ, ಆ ಯಮ್ಮ ಕೇಳುದ್ರೆ ಅವಾಗ ಏಳ್ತೀನಿ” ಅಂದೆ.

ರಿಪೋರ್ಟಿಗೆ ಹೋಗುವುದೆಂದರೆ ಒಂದು ದಿನದ ಕೆಲಸ ಕೆಡುತ್ತೆ ಅಂತ ಗೊಣಗುತ್ತಿದ್ದ ಮನುಷ್ಯ ಇವರು. ಮಾರನೆಯ ದಿನ ಬೆಳಿಗ್ಗೆ ನಾನು ಎದ್ದು ನೋಡಿದರೆ, ಕ್ಯಾಲೆಂಡರಿನ ಮುಂದೆ ನಿಂತು, ಕಿವಿ ಮೇಲಿನ ಪೆನ್ಸಿಲ್ ತೆಗೆದು, ಮೂರು ತಿಂಗಳಾಚೆಯ ಒಂದು ತಾರೀಕಿಗೆ ಸುತ್ತು ಹಾಕುತ್ತಿದ್ದರು.